ಕಡಲ ನೀರುನಾಯಿಯ ವಂಶಸಂಪತ್ತು

ನಮ್ಮ ನಾಡಿನ ಹೊಳೆಯ ದಡಗಳಲ್ಲಿ ಬೆಳೆದವರಿಗೆ ನೀರುನಾಯಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ತುಂಗಭದ್ರೆಯ ಬಂಡೆಗಳ ನಡುವೆಯೂ ಕಾವೇರಿಯ ಮಡುಗಳಲ್ಲಿಯೂ ಗುಂಪುಗೂಡಿ ಮೀನು ಹಿಡಿಯುವ ಈ ಪ್ರಾಣಿಯನ್ನು ಬೆಸ್ತರು ಚೆನ್ನಾಗಿ ಬಲ್ಲರು. ಸಂಸ್ಕೃತದಲ್ಲಿ ಇದಕ್ಕೆ ‘ಉದ್ರ’ ಎಂದು ಹೆಸರು. ನೀರೆಂಬ ಅರ್ಥವುಳ್ಳ ‘ಉದ’ ಶಬ್ದಕ್ಕೆ ಇದು ಸಂಬಂಧಪಟ್ಟುದು. ಇಂಗ್ಲಿಷಿನವರ ‘ಆಟರ್’ ಎಂಬ ಹೆಸರೂ ಇದೇ ಮೂಲದಿಂದ ಹುಟ್ಟಿದುದೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಆದರೆ ನಾವು ಇಲ್ಲಿ ಹೇಳಹೊರಟಿರುವುದು ಹೊಳೆಯ ನೀರುನಾಯಿಯ ಸಂಗತಿಯನ್ನಲ್ಲ; ಅದರ ಜ್ಞಾತಿಯಾದ ಕಡಲ ನೀರುನಾಯಿಯ ಸಂಗತಿಯನ್ನು. ಮನುಷ್ಯನ ಲೋಭದಿಂದ ಅದು ಅಳಿಯುವುದಕ್ಕಾದುದೂ, ಮನುಷ್ಯನೇ ಅದನ್ನು ಎತ್ತಿಕೊಂಡು ಹೋಗಿ ಬೇರೆ ನೆಲೆಗಳಲ್ಲಿ ಬಿಟ್ಟುದೂ, ಹಾಗೆ ಬಿಟ್ಟ ಮೇಲೆ ಅದರ ಸಂತತಿಯಲ್ಲಿ ಉಳಿದುದೇನು, ಕಳೆದುದೇನು ಎಂಬುದೂ ಗೃಹಸ್ಥರಾದವರು ಯೋಚಿಸತಕ್ಕ ವಿಷಯಗಳೆಂದು ನಮಗೆ ತೋರುತ್ತದೆ.

ಈ ಪ್ರಾಣಿಯು ಶಾಂತಸಾಗರದ ಉತ್ತರ ತೀರಗಳಲ್ಲಿ ಮಾತ್ರವೇ ಇರುವುದು. ಜಪಾನಿನ ಉತ್ತರ ತುದಿ, ಕುರಿಲ್ ದ್ವೀಪಗಳು, ರಷ್ಯಾದ ಕಮ್‌ಚಾಟ್ಕಾ, ಅಲ್ಯೂಷಿಯನ್ ದ್ವೀಪಮಾಲೆ, ಅಲಾಸ್ಕಾ, ಕೆನಡಾ, ಅಮೆರಿಕದ ಪಶ್ಚಿಮ ತೀರ, ಕಡೆಗೆ ಮೆಕ್ಸಿಕೋ ದೇಶದ ಬಾಹಾ ಕ್ಯಾಲಿಫೋರ್ನಿಯಾ, ಹೀಗೆ ಬಗ್ಗಿಸಿದ ಬಿಲ್ಲಿನಂತೆ ಇದರ ಹಳೆಯ ನೆಲೆಯು ಹಬ್ಬಿದ್ದಿತು. ತಿಮಿಂಗಿಲ, ಸೀಲ್ ಮೊದಲಾದ ಕಡಲ ಸಸ್ತನಿಗಳಿಗೆ ಚರ್ಮದ ಅಡಿಯಲ್ಲಿ ದಪ್ಪನಾದ ಕೊಬ್ಬಿನ ಪದರವಿದ್ದು, ಅದು ಚಳಿಯಿಂದ ಕಾಪಾಡುವುದು. ಕಡಲ ನೀರುನಾಯಿಗೆ ಆ ಭಾಗ್ಯವಿಲ್ಲ. ಅದಕ್ಕೆ ಮೈಮೇಲಿನ ತುಪ್ಪಟವೇ ಕಂಬಳಿ. ಒಂದು ಚದರ ಅಂಗುಲದಷ್ಟು ಜಾಗದಲ್ಲಿ ಹತ್ತು ಲಕ್ಷದವರೆಗೆ ಕೂದಲಿರುವುದುಂಟು. ಇಷ್ಟು ಒತ್ತಾದ ತುಪ್ಪಟವು ಬೇರೆ ಯಾವ ಸಸ್ತನಿಗೂ ಇಲ್ಲ. ಬೆನ್ನಮೇಲೆ ತೇಲುತ್ತ, ಎದೆಯಮೇಲೆ ಕಲ್ಲನ್ನಿಟ್ಟುಕೊಂಡು, ಅದಕ್ಕೆ ಚಿಪ್ಪನ್ನು ಕುಟ್ಟಿ ಒಡೆದು ಒಳಗಿನ ಮಾಂಸವನ್ನು ತಿನ್ನುವುದು. ತಾಯಿಯು ಮರಿಯನ್ನೂ ಎದೆಯ ಮೇಲೆಯೇ ಮಲಗಿಸಿಕೊಂಡು ತೇಲುವಳು.

ಈ ತುಪ್ಪಟವೇ ಅದಕ್ಕೆ ಮೃತ್ಯುವಾಯಿತು. ೧೭೪೧ನೆಯ ಇಸವಿಯಲ್ಲಿ ರಷ್ಯಾದ ಸೇವೆಯಲ್ಲಿದ್ದ ಬೇರಿಂಗ್ ಎಂಬ ನಾವಿಕನ ಹಡಗು ಕಮ್‌ಚಾಟ್ಕಾದ ಪೂರ್ವಕ್ಕಿರುವ ನಿರ್ಜನ ದ್ವೀಪವೊಂದರಲ್ಲಿ ಒಡೆಯಿತು. ಬೇರಿಂಗನು ಅಲ್ಲಿಯೇ ತೀರಿಕೊಂಡನು. ಅವನ ಸಂಗಡವಿದ್ದ ಸ್ಟೆಲ್ಲರ್ ಎಂಬ ಪ್ರಕೃತಿಶಾಸ್ತ್ರಜ್ಞನು ಅಲ್ಲಿನ ಪ್ರಾಣಿಗಳನ್ನು ಕುರಿತು ವಿವರವಾಗಿ ಬರೆದಿಟ್ಟನು. ಬದುಕಿ ಉಳಿದವರು ಮರುವರ್ಷ ಊರಿಗೆ ಹಿಂದಿರುಗುವಾಗ ನೂರಾರು ನೀರುನಾಯಿಯ ತೊಗಲುಗಳನ್ನು ಕೊಂಡೊಯ್ದರು. ಚೀನಾದೇಶದ ಶ್ರೀಮಂತರು ಅವುಗಳಿಗೆ ಕೊಡುತ್ತಿದ್ದ ಬೆಲೆಯನ್ನು ಕಂಡು ರಷ್ಯನ್ನರೂ, ಅವರ ಹಿಂದೆ ಇಂಗ್ಲಿಷರೂ ಸ್ಪೇನಿನವರೂ ಅಮೆರಿಕನರೂ ಆ ಕಡಲಿಗೆ ನುಗ್ಗಿದರು. ಸ್ಟೆಲ್ಲರನು ವರ್ಣಿಸಿದ ಕಡಲಹಸುವೆಂಬ ಮಹಾಕಾಯದ ಸಸ್ತನಿಯು ಇದೇ ಬೇಟೆಗಾರರ ಆಹಾರವಾಗಿ, ೧೭೬೮ರ ಹೊತ್ತಿಗೆ, ಎಂದರೆ ಇಪ್ಪತ್ತೇಳು ವರ್ಷಗಳಲ್ಲಿ, ನಿರ್ವಂಶವಾಯಿತು. ನೀರುನಾಯಿಯು ಮಾತ್ರ ಅಲ್ಪದರಲ್ಲಿ ಉಳಿದುಕೊಂಡಿತು. ಬೇಟೆಗೆ ಮೊದಲು ಒಂದೂವರೆ ಲಕ್ಷದಿಂದ ಮೂರು ಲಕ್ಷದವರೆಗೆ ಇದ್ದಿರಬಹುದೆಂದು ಎಣಿಸಲಾದ ಈ ಪ್ರಾಣಿಗಳಲ್ಲಿ, ೧೯೧೧ರಲ್ಲಿ ರಷ್ಯಾ, ಜಪಾನ್, ಬ್ರಿಟನ್, ಅಮೆರಿಕಗಳು ಒಪ್ಪಂದ ಮಾಡಿಕೊಂಡು ಬೇಟೆಯನ್ನು ತಡೆಯುವ ಕಾಲಕ್ಕೆ ಉಳಿದಿದ್ದುವು ಸುಮಾರು ಎರಡು ಸಾವಿರಕ್ಕಿಂತ ಹೆಚ್ಚಲ್ಲ. ಅವೂ ಒಂದೆಡೆಯಲ್ಲಿರದೆ, ಸಾವಿರಾರು ಮೈಲಿಗಳ ತೀರದಲ್ಲಿ ಹದಿಮೂರು ಚಿಕ್ಕ ಚಿಕ್ಕ ಗುಂಪುಗಳಾಗಿ ಚದುರಿಹೋಗಿದ್ದುವು. ಕ್ಯಾಲಿಫೋರ್ನಿಯಾದಲ್ಲಿ ಇವು ಪೂರ್ತಿಯಾಗಿ ನಾಶವಾದುವೆಂದು ಬಹುಜನರು ನಂಬಿದ್ದರು. ೧೯೩೮ರಲ್ಲಿ ಬಿಗ್ ಸರ್ ಎಂಬ ಬಂಡೆಗಾಡಿನ ತೀರದಲ್ಲಿ ಸುಮಾರು ಐವತ್ತು ಪ್ರಾಣಿಗಳ ಗುಂಪೊಂದು ಕಣ್ಣಿಗೆ ಬಿದ್ದಿತು. ಇಂದು ಆ ತೀರದಲ್ಲಿರುವ ಮೂರು ಸಾವಿರದಷ್ಟು ನೀರುನಾಯಿಗಳೆಲ್ಲವೂ ಆ ಅಲ್ಪಶೇಷದ ಸಂತಾನವೇ ಆಗಿವೆ.

ಐವತ್ತು ಮೂರು ಸಾವಿರವಾದರೆ ಕಷ್ಟವು ತೀರಿತಲ್ಲವೆ ಎಂದು ವಾಚಕರು ಕೇಳಬಹುದು. ಇಲ್ಲವೆಂಬುದೇ ಈ ಲೇಖನದ ತಾತ್ಪರ್ಯ.

ಹಿಂದೆ ಒಂದು ಗ್ರಂಥವು ಹಲವು ಮನೆಗಳಲ್ಲಿ ಓಲೆಗರಿಯ ಪ್ರತಿಗಳಾಗಿ ಉಳಿದು ಬರುತ್ತಿದ್ದಿತು. ಎಲ್ಲ ಪ್ರತಿಗಳಲ್ಲಿಯೂ ಗ್ರಂಥವು ಒಂದೇ. ಆದರೆ ಒಂದೊಂದರಲ್ಲಿ ಒಂದೊಂದು ಪಾಠಾಂತರ. ಒಂದು ಪ್ರತಿಯಲ್ಲಿ ಹುಳು ತಿಂದ ಅಕ್ಷರವು ಇನ್ನೊಂದು ಪ್ರತಿಯಲ್ಲಿ ಸರಿಯಾಗಿ ಸಿಕ್ಕುವುದು. ಈಗ ಊರಿಗೆ ಬೆಂಕಿ ಬಿದ್ದು ಒಂದೆರಡು ಪ್ರತಿಗಳು ಮಾತ್ರ ಉಳಿದುವೆಂದು ಭಾವಿಸಿರಿ. ಅವನ್ನು ನೋಡಿ ಸಾವಿರ ಪ್ರತಿಗಳನ್ನು ಬರೆಸಿದರೂ ಗ್ರಂಥದ ಸಂಖ್ಯೆಯು ಹೆಚ್ಚುವುದೇ ಹೊರತು, ಸುಟ್ಟುಹೋದ ಪಾಠಗಳು ಹಿಂದಿರುಗಲಾರವು. ಉಳಿದ ಪ್ರತಿಯಲ್ಲಿನ ತಪ್ಪು ಸಾವಿರದಲ್ಲಿಯೂ ಇರುವುದು. ಪ್ರಾಣಿಗಳ ವಂಶದಲ್ಲಿಯೂ ಹೀಗೆಯೇ. ತಂದೆತಾಯಿಗಳಿಂದ ಮಕ್ಕಳಿಗೆ ಗುಣಗಳನ್ನು ಒಯ್ಯುವ ಸೂಕ್ಷ್ಮವಸ್ತುಗಳಿಗೆ ವಂಶವಾಹಿಗಳೆಂದು ಹೆಸರು. ಒಂದೊಂದು ವಂಶವಾಹಿಗೂ ಹಲವು ರೂಪಭೇದಗಳಿರಬಹುದು. ಇವೇ ವಂಶದ ಪಾಠಾಂತರಗಳು. ಒಂದು ಪ್ರಾಣಿಯು ತಂದೆಯಿಂದ ಒಂದನ್ನೂ ತಾಯಿಯಿಂದ ಒಂದನ್ನೂ ಪಡೆಯುವುದರಿಂದ, ಒಂದು ಕೆಟ್ಟಿದ್ದರೂ ಇನ್ನೊಂದು ಕಾಪಾಡುವುದು. ಎರಡೂ ಒಂದೇ ಬಗೆಯ ಕೆಟ್ಟ ರೂಪಗಳಾದಾಗ ದೋಷವು ಪ್ರಕಟವಾಗುವುದು. ಹತ್ತಿರದ ಬಂಧುಗಳಿಗೆ ಹುಟ್ಟಿದ ಮರಿಗಳಲ್ಲಿ ಹೀಗಾಗುವ ಸಂಭವವು ಹೆಚ್ಚು.

ನಮ್ಮ ಹಿರಿಯರ ಸಗೋತ್ರ ವಿವಾಹನಿಷೇಧವು ಇಲ್ಲಿ ಯಾರಿಗಾದರೂ ನೆನಪಾಗಬಹುದು. ಗೋತ್ರವನ್ನು ತಂದೆಯ ಕಡೆಯಿಂದ ಮಾತ್ರ ಎಣಿಸುವುದರಿಂದಲೂ, ಗೋತ್ರವನ್ನು ಕಟ್ಟುನಿಟ್ಟಾಗಿ ನೋಡುವ ಮನೆಗಳಲ್ಲಿಯೇ ಸೋದರಮಾವನ ಮಗಳನ್ನು ತರುವ ಪದ್ಧತಿ ಇರುವುದರಿಂದಲೂ, ಆ ನಿಯಮವನ್ನು ಈ ಶಾಸ್ತ್ರದೊಡನೆ ಒಂದುಮಾಡುವುದು ಸರಿಯಾಗದು. ಆದರೂ ಹೊರಗಿನಿಂದ ಸಂಬಂಧ ಬೆಳೆಸಬೇಕೆಂಬ ಚಿಂತೆಯು ಹಳೆಯದೆಂಬುದಕ್ಕೆ ಅದು ಸಾಕ್ಷಿಯಾಗಿದೆ. ಮನುಷ್ಯನಾದರೋ ಬೇರೆ ಊರಿನಿಂದ ಹೆಣ್ಣು ತರಬಲ್ಲನು. ನೂರಾರು ಮೈಲಿಗಳ ಬರಿದಾದ ತೀರವನ್ನು ದಾಟಿ ಇನ್ನೊಂದು ಗುಂಪನ್ನು ಸೇರಲಾರದ ನೀರುನಾಯಿಯು ಏನು ಮಾಡೀತು? ಅದಕ್ಕೆ ಮನುಷ್ಯನೇ ದಾರಿಯಾಗಬೇಕಾಯಿತು.

ಅಲ್ಯೂಷಿಯನ್ ಮಾಲೆಯಲ್ಲಿ ಅಮ್‌ಚಿಟ್ಕಾ ಎಂಬ ದ್ವೀಪವುಂಟು. ಅಲ್ಲಿ ಉಳಿದಿದ್ದ ಗುಂಪು ಒಪ್ಪಂದದ ರಕ್ಷಣೆಯಿಂದ ಚೆನ್ನಾಗಿ ಬೆಳೆದಿದ್ದಿತು. ೧೯೫೦ರ ದಶಕದಲ್ಲಿ ಅಲ್ಲಿಂದ ಕೆಲವು ಪ್ರಾಣಿಗಳನ್ನು ಹಿಡಿದು ಸಾಗಿಸುವ ಪ್ರಯತ್ನಗಳು ನಡೆದುವು. ಆದರೆ ದಾರಿಯಲ್ಲಿ ಪಂಜರದ ಹೊಲಸು ತುಪ್ಪಟಕ್ಕೆ ಹತ್ತಿ, ನೀರು ಮೈಗೆ ಇಳಿದು, ಬಹಳ ಪ್ರಾಣಿಗಳು ಚಳಿಯಿಂದ ಸತ್ತುವು. ತುಪ್ಪಟವು ಶುಚಿಯಾಗಿದ್ದರೆ ಮಾತ್ರ ಅದು ಕಂಬಳಿಯೆಂಬ ಸಂಗತಿಯನ್ನು ಜನರು ಇಷ್ಟು ಬೆಲೆಕೊಟ್ಟು ಕಲಿಯಬೇಕಾಯಿತು. ಅಷ್ಟರಲ್ಲಿ ಆ ದ್ವೀಪಕ್ಕೆ ಇನ್ನೊಂದು ಭಯವು ಬಂದೊದಗಿತು. ಅಮೆರಿಕದ ಸರಕಾರವು ಅದರ ನೆಲದಡಿಯಲ್ಲಿ ಪರಮಾಣು ಬಾಂಬುಗಳನ್ನು ಪರೀಕ್ಷಿಸತೊಡಗಿತು. ೧೯೬೫, ೧೯೬೯, ೧೯೭೧ ಈ ಮೂರು ಇಸವಿಗಳಲ್ಲಿ ಸ್ಫೋಟಗಳು ನಡೆದುವು. ೧೯೭೧ನೆಯ ನವೆಂಬರ್ ತಿಂಗಳಿನದು ಆ ದೇಶವು ನೆಲದಡಿಯಲ್ಲಿ ನಡೆಸಿದ ಪರೀಕ್ಷೆಗಳಲ್ಲೆಲ್ಲ ದೊಡ್ಡದು. ಅದರಿಂದ ನೂರಾರು ನೀರುನಾಯಿಗಳು ಸತ್ತುವು. ಸೋಜಿಗವೇನೆಂದರೆ, ಅಲ್ಲಿನ ಪ್ರಾಣಿಗಳನ್ನು ಬೇರೆಡೆಗೆ ಸಾಗಿಸುವ ಕಾರ್ಯಕ್ಕೆ ಆ ದೇಶದ ಪರಮಾಣು ಶಕ್ತಿ ಆಯೋಗವೇ ಹಣದ ಸಹಾಯವನ್ನು ಮಾಡಿತು. ಹೀಗೆ ಕೊಲ್ಲುವ ಕೈಯೇ ಕಾಯುವುದಕ್ಕೂ ನೆರವಾದುದು.

ಈ ಬಾರಿ ವಿಮಾನಗಳಲ್ಲಿ ಸಾಗಿಸಿದರು. ಅಮ್‌ಚಿಟ್ಕಾದಿಂದಲೂ, ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕೊಲ್ಲಿಯಿಂದಲೂ ಪ್ರಾಣಿಗಳನ್ನು ಹಿಡಿದು, ೧೯೬೫ರಿಂದ ೧೯೬೯ರೊಳಗೆ ಅಲಾಸ್ಕಾದ ಆಗ್ನೇಯ ಭಾಗದಲ್ಲಿ ನಾನೂರಕ್ಕಿಂತ ಹೆಚ್ಚನ್ನು ಬಿಟ್ಟರು. ೧೯೬೯ರಿಂದ ೧೯೭೨ರೊಳಗೆ ಕೆನಡಾದ ವ್ಯಾಂಕೂವರ್ ದ್ವೀಪದ ಬಳಿ ೮೯ ಪ್ರಾಣಿಗಳನ್ನು ಬಿಟ್ಟರು; ಅವೂ ಎರಡು ನೆಲೆಗಳಿಂದ ಬಂದುವು. ವಾಷಿಂಗ್ಟನ್ ಪ್ರಾಂತಕ್ಕೆ ೧೯೬೯, ೧೯೭೦ರಲ್ಲಿ ೫೯ ಪ್ರಾಣಿಗಳು ಅಮ್‌ಚಿಟ್ಕಾ ಒಂದರಿಂದಲೇ ಬಂದುವು. ಮೊದಲನೆಯ ವರ್ಷ ಬಿಟ್ಟ ೨೯ರಲ್ಲಿ ೧೬ ಕೆಲವೇ ದಿನಗಳಲ್ಲಿ ಸತ್ತು ದಡಕ್ಕೆ ಬಿದ್ದುವು. ಅದರ ದಕ್ಷಿಣದ ಆರೆಗನ್ ಪ್ರಾಂತದಲ್ಲಿ ೧೯೭೦, ೧೯೭೧ರಲ್ಲಿ ತೊಂಬತ್ತಕ್ಕೂ ಹೆಚ್ಚು ಪ್ರಾಣಿಗಳನ್ನು ಬಿಟ್ಟರೂ, ಹತ್ತು ವರ್ಷ ಕಳೆಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ಕ್ಯಾಲಿಫೋರ್ನಿಯಾದವರು ೧೯೮೭ರಿಂದ ೧೯೯೦ರವರೆಗೆ ಸುಮಾರು ೧೪೦ನ್ನು ಸ್ಯಾನ್ ನಿಕೊಲಸ್ ಎಂಬ ದ್ವೀಪಕ್ಕೆ ಒಯ್ದಾಗ, ಅವುಗಳಲ್ಲಿ ಹಲವು ತೆರೆದ ಕಡಲನ್ನು ಈಜಿ ತಮ್ಮ ಹುಟ್ಟೂರಿನ ಕಡೆಗೇ ಹಿಂದಿರುಗಿದುವು. ದ್ವೀಪದಲ್ಲಿ ನೆಲೆನಿಂತುವು ಹತ್ತಾರು ಮಾತ್ರ. ತವರಿನ ನೆನಪು ಮನುಷ್ಯರಿಗೆ ಮಾತ್ರವಲ್ಲವೆಂದು ಇದರಿಂದ ತಿಳಿಯುವುದು.

ಆದುದರಿಂದ, ಎಷ್ಟನ್ನು ಒಯ್ದರು ಎಂಬುದು ಒಂದು ಲೆಕ್ಕ. ಅವುಗಳಲ್ಲಿ ಎಷ್ಟು ಉಳಿದು ಮರಿಹಾಕಿದುವು ಎಂಬುದು ಇನ್ನೊಂದು ಲೆಕ್ಕ. ವಂಶಕ್ಕೆ ಮುಖ್ಯವಾದುದು ಎರಡನೆಯದು. ೧೯೯೯ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ ಬಾಡ್ಕಿನ್ ಎಂಬವರೂ ಅವರ ಸಂಗಡಿಗರೂ ಹಳೆಯ ನಾಲ್ಕು ಗುಂಪುಗಳನ್ನೂ ಸಾಗಿಸಿದ ಮೂರು ಗುಂಪುಗಳನ್ನೂ ಹೋಲಿಸಿ ನೋಡಿದರು. ತುಳುನಾಡಿನ ಅಳಿಯಸಂತಾನದಲ್ಲಿ ವಂಶವು ತಾಯಿಯ ಕಡೆಯಿಂದ ನಡೆಯುವಂತೆ, ತಾಯಿಯಿಂದ ಮಾತ್ರವೇ ಮಕ್ಕಳಿಗೆ ಬರುವ ಒಂದು ವಂಶಲೇಖವು ಪ್ರಾಣಿಗಳ ಜೀವಕೋಶಗಳಲ್ಲಿ ಇರುವುದು. ಅದನ್ನು ಹಿಡಿದು ಅವರು ತಾಯಿವಂಶಗಳನ್ನು ಎಣಿಸಿದರು. ಯಾವ ಗುಂಪಿನಲ್ಲಿ ಪ್ರಾಣಿಗಳ ಸಂಖ್ಯೆಯು ಹೆಚ್ಚು ಕುಸಿದಿದ್ದಿತೋ, ಹಾಗೆ ಕುಸಿದ ಸ್ಥಿತಿಯಲ್ಲಿ ಯಾವುದು ಹೆಚ್ಚು ವರ್ಷಗಳನ್ನು ಕಳೆದಿದ್ದಿತೋ, ಅದರಲ್ಲಿ ತಾಯಿವಂಶಗಳ ವೈವಿಧ್ಯವು ಕಡಿಮೆಯಾಗಿದ್ದಿತು. ಆದರೆ ಎರಡು ನೆಲೆಗಳಿಂದ ತಂದು ಬೆರಸಿದ ಗುಂಪುಗಳಲ್ಲಿ, ಒಂದೇ ನೆಲೆಯಿಂದ ತಂದ ಗುಂಪಿಗಿಂತಲೂ, ಅವು ಹುಟ್ಟಿಬಂದ ಮೂಲದ ನೆಲೆಗಳಿಗಿಂತಲೂ ವೈವಿಧ್ಯವು ಹೆಚ್ಚಾಗಿದ್ದಿತು! ಎರಡು ಮನೆಗಳ ಓಲೆಪ್ರತಿಗಳನ್ನು ತಂದು ಒಂದು ಭಂಡಾರದಲ್ಲಿ ಇಟ್ಟಂತೆ ಇದು. ಎರಡು ಮನೆಯವರಲ್ಲಿ ಒಬ್ಬೊಬ್ಬರಲ್ಲಿಯೂ ಇಲ್ಲದಷ್ಟು ಪಾಠಗಳು ಆ ಭಂಡಾರದಲ್ಲಿ ಸೇರುವುವು.

ಇನ್ನೊಂದು ಸಂಗತಿಯೂ ಆ ಪರಿಶೋಧನೆಯಿಂದ ಹೊರಬಿದ್ದಿತು. ನಿಜವಾಗಿ ವಂಶವನ್ನು ಬೆಳಸಿದ ಮೂಲಪ್ರಾಣಿಗಳು ಒಂದು ಗುಂಪಿನಲ್ಲಿ ಬರಿಯ ನಾಲ್ಕು, ಇನ್ನೊಂದರಲ್ಲಿ ೨೮, ಮೂರನೆಯದರಲ್ಲಿ ೧೫೦ ಎಂದು ಎಣಿಸಿದ್ದರು. ನಾಲ್ಕು ಮತ್ತು ೨೮ರಿಂದ ಬೆಳೆದ ಗುಂಪುಗಳಲ್ಲಿ ತಾಯಿವಂಶಗಳ ಪ್ರಮಾಣವು ಮೂಲದಲ್ಲಿದ್ದಂತೆ ಇರದೆ ಏರುಪೇರಾಗಿದ್ದಿತು. ೧೫೦ರಿಂದ ಬೆಳೆದುದರಲ್ಲಿ ಹಾಗಾಗಿರಲಿಲ್ಲ. ಬಗೆಬಗೆಯ ಬಣ್ಣದ ಕಾಳುಗಳು ಬೆರೆತಿರುವ ಕಣಜದಿಂದ ಚಿಟಿಕೆಯಷ್ಟನ್ನು ತೆಗೆದರೆ ಅಪರೂಪದ ಬಣ್ಣವು ಕೈಗೆ ಬಾರದೆಯೇ ಹೋಗಬಹುದು. ಇಲ್ಲವೆ ಅದೇ ಹೆಚ್ಚಾಗಿ ಬಂದುಬಿಡಬಹುದು. ಮೊರದ ತುಂಬ ತೆಗೆದರೆ ಕಣಜದ ಪ್ರಮಾಣವೇ ಮೊರದಲ್ಲಿಯೂ ಕಾಣುವುದು. ಅದೃಷ್ಟದ ಈ ಏರುಪೇರಿಗೆ ಇಡಿಯ ವಂಶವನ್ನು ಒಪ್ಪಿಸದಿರಬೇಕಾದರೆ ಮೊದಲನೆಯ ಹಿಡಿಯು ದೊಡ್ಡದಾಗಿರಬೇಕು.

ಇಷ್ಟಾದರೂ ಸಾಗಿಸಿದ ಗುಂಪುಗಳು ವೇಗವಾಗಿಯೇ ವೃದ್ಧಿಯಾದುವು. ಕಾರಣವೇನೆಂದರೆ, ಅವು ಹೋಗಿ ನಿಂತ ತೀರಗಳಲ್ಲಿ ಬಹುಕಾಲದಿಂದ ತಿನ್ನುವವರಿಲ್ಲದೆ ಆಹಾರವು ರಾಶಿಯಾಗಿ ಬಿದ್ದಿದ್ದಿತು. ಆಗ್ನೇಯ ಅಲಾಸ್ಕಾದ ನಾನೂರು ೨೦೧೦ರ ದಶಕದ ಎಣಿಕೆಗಳಲ್ಲಿ ಇಪ್ಪತ್ತು ಸಾವಿರವನ್ನು ಮೀರಿದ್ದುವು. ವಾಷಿಂಗ್ಟನ್ನಿನ ಕೈಬೆರಳಿಗೆ ಸಿಕ್ಕುವಷ್ಟು ಪ್ರಾಣಿಗಳು ಅದೇ ದಶಕದಲ್ಲಿ ಎರಡು ಸಾವಿರವಾದುವು. ಅರ್ಚಿನ್ ಎಂಬ, ಮೈಯೆಲ್ಲ ಮುಳ್ಳಾಗಿ ಚೆಂಡಿನಂತಿರುವ ಜೀವಿಯು ಕಡಲಡಿಯ ಕೆಲ್ಪ್ ಎಂಬ ದೊಡ್ಡ ಪಾಚಿಯ ಕಾಡುಗಳನ್ನು ಮೇಯ್ದು ಬಯಲುಮಾಡುತ್ತಿದ್ದಿತು. ನೀರುನಾಯಿಯು ಬಂದು ಅದನ್ನು ತಿನ್ನತೊಡಗಿದ ಮೇಲೆ ಆ ಕಾಡುಗಳು ಮತ್ತೆ ಎದ್ದು, ಮೀನುಗಳಿಗೆ ಆಶ್ರಯವಾದುವು. ಏಡಿಯನ್ನೂ ಚಿಪ್ಪುಗಳನ್ನೂ ಹಿಡಿದು ಜೀವನ ಮಾಡುವ ಜನರು ಮಾತ್ರ ತಮ್ಮ ಪಾಲನ್ನು ನೀರುನಾಯಿಯು ತಿಂದುಬಿಡುವುದೆಂದು ದೂರುತ್ತಿರುವರು. ಆ ದೂರು ಸುಳ್ಳೂ ಅಲ್ಲ.

ಹಾಗಾದರೆ ವೈವಿಧ್ಯದ ಚಿಂತೆಯೇಕೆ? ವೃದ್ಧಿಯ ವೇಗಕ್ಕೂ ವಂಶವೈವಿಧ್ಯಕ್ಕೂ ಸಂಬಂಧವು ಕಾಣಲಿಲ್ಲವೆಂದು ಬಾಡ್ಕಿನರೇ ಬರೆದಿರುವರು. ಇದಕ್ಕೆ ನಮ್ಮ ಉತ್ತರವಿಷ್ಟೆ: ಮನೆಯಲ್ಲಿ ಕೂಡಿಟ್ಟ ಹಣವಿದೆಯೇ ಇಲ್ಲವೇ ಎಂಬುದು ಸುಗ್ಗಿಯ ಕಾಲದಲ್ಲಿ ಗೊತ್ತಾಗುವುದಿಲ್ಲ, ಬರ ಬಂದಾಗ ಗೊತ್ತಾಗುವುದು. ಹೊಸದೊಂದು ರೋಗ ಹಬ್ಬಿದಾಗ, ಕಡಲ ನೀರಿನ ಶಾಖ ಏರಿದಾಗ, ಅದನ್ನು ತಾಳಬಲ್ಲ ರೂಪಭೇದವು ಗುಂಪಿನಲ್ಲಿ ಎಲ್ಲಿಯಾದರೂ ಒಂದು ಕಡೆ ಇದ್ದರೆ ವಂಶವು ಉಳಿಯುವುದು. ಕ್ಯಾಲಿಫೋರ್ನಿಯಾದ ನೀರುನಾಯಿಗಳು, ಬೆಕ್ಕಿನ ಮಲದಿಂದ ಮಳೆನೀರಿನೊಡನೆ ಕಡಲಿಗೆ ಇಳಿಯುವ ಒಂದು ಪರೋಪಜೀವಿಯ ರೋಗಕ್ಕೆ ಇಂದಿಗೂ ಬಲಿಯಾಗುತ್ತಿವೆ. ಅಂತಹ ಕಾಲಕ್ಕೆ ಬೇಕಾದ ಬಂಡವಾಳವು ಎಷ್ಟು ಉಳಿದಿದೆ?

ಇದನ್ನು ತಿಳಿಯುವುದಕ್ಕೆ ಪಂಡಿತರು ಹಳೆಯ ಎಲುಬುಗಳನ್ನು ಕೇಳಿದರು. ತೊಗಲಿನ ವ್ಯಾಪಾರವು ಆರಂಭವಾಗುವುದಕ್ಕೆ ಮೊದಲೇ ವಾಷಿಂಗ್ಟನ್ ತೀರದ ಮೂಲನಿವಾಸಿಗಳು ತಿಂದು ಎಸೆದಿದ್ದ ನೀರುನಾಯಿಗಳ ಎಲುಬುಗಳು ತಿಪ್ಪೆಗಳಲ್ಲಿ ಹೂತಿದ್ದುವು. ಅವುಗಳಿಂದ ವಂಶಲೇಖವನ್ನು ತೆಗೆದು ಈಗಿನ ಐದು ಗುಂಪುಗಳೊಡನೆ ಹೋಲಿಸಿ ಲಾರ್ಸನ್ ಎಂಬಾಕೆಯೂ ಅವರ ಸಂಗಡಿಗರೂ ೨೦೦೨ರಲ್ಲಿ ಪ್ರಕಟಿಸಿದರು. ಪರೀಕ್ಷಿಸಿದ ಸ್ಥಾನಗಳಲ್ಲಿ, ಹಳೆಯ ಗುಂಪಿನಲ್ಲಿದ್ದ ರೂಪಭೇದಗಳ ಪೈಕಿ ನೂರಕ್ಕೆ ಸುಮಾರು ೬೨ರಷ್ಟು ಈಗಿನ ಗುಂಪುಗಳಲ್ಲಿ ಇಲ್ಲವಾಗಿದ್ದುವು. ಎರಡು ನೆಲೆಗಳಿಂದ ಬೆರಸಿದ ಗುಂಪಿಗೂ ಹಳೆಯ ಐಶ್ವರ್ಯವು ಮರಳಿ ಬಂದಿಲ್ಲ. ಬೆರಸುವುದರಿಂದ ಚದುರಿದುದನ್ನು ಕೂಡಿಸಬಹುದು, ಸುಟ್ಟುದನ್ನು ಸೃಷ್ಟಿಸಲಾಗದು.

ಆದರೂ ಕೂಡಿಸಿದುದು ವ್ಯರ್ಥವಾಗಲಿಲ್ಲ. ಮುಂದೆ ನಡೆದುದನ್ನು ನೋಡಿರಿ. ೧೯೮೯ನೆಯ ಮಾರ್ಚ್ ೨೪ರಂದು ಎಕ್ಸಾನ್ ವಾಲ್ಡೀಜ್ ಎಂಬ ಎಣ್ಣೆಯ ಹಡಗು ಪ್ರಿನ್ಸ್ ವಿಲಿಯಂ ಸೌಂಡಿನಲ್ಲಿ ಬಂಡೆಗೆ ಬಡಿದು, ಎಣ್ಣೆಯು ಕಡಲ ಮೇಲೆ ಹರಡಿತು. ತುಪ್ಪಟಕ್ಕೆ ಎಣ್ಣೆ ಹತ್ತಿದ ನೀರುನಾಯಿಯು ಬದುಕಲಾರದು, ಸಾವಿರಾರು ಸತ್ತುವು. ಅಲ್ಯೂಷಿಯನ್ ದ್ವೀಪಗಳಲ್ಲಿಯೂ ೧೯೯೦ರ ದಶಕದಲ್ಲಿ ನೀರುನಾಯಿಗಳು ಬಹುವೇಗವಾಗಿ ಕಡಿಮೆಯಾಗಿ, ಅಮ್‌ಚಿಟ್ಕಾದ ತುಂಬಿದ ಕಡಲು ಬರಿದಾಯಿತು. ಓರ್ಕಾ ಎಂಬ ಹಲ್ಲುಳ್ಳ ತಿಮಿಂಗಿಲವು ಅವನ್ನು ತಿನ್ನತೊಡಗಿದುದೇ ಕಾರಣವೆಂದು ಹಲವು ಶಾಸ್ತ್ರಜ್ಞರ ಅಭಿಪ್ರಾಯ. ೨೦೦೫ರಲ್ಲಿ ಅಮೆರಿಕದ ಸರಕಾರವು ಆ ಭಾಗದ ನೀರುನಾಯಿಗಳನ್ನು ಅಪಾಯಕ್ಕೊಳಗಾದುವುಗಳ ಪಟ್ಟಿಗೆ ಸೇರಿಸಿತು. ಹೀಗೆ ಯಾವ ಎರಡು ತವರುಗಳಿಂದ ಪ್ರಾಣಿಗಳನ್ನು ಒಯ್ದಿದ್ದರೋ ಆ ಎರಡು ತವರುಗಳಿಗೂ ಕೇಡು ಬಂದಿತು. ಅಷ್ಟರಲ್ಲಿ ಅವುಗಳ ವಂಶವು ಆಗ್ನೇಯ ಅಲಾಸ್ಕಾದಲ್ಲಿಯೂ ಕೆನಡಾದಲ್ಲಿಯೂ ವಾಷಿಂಗ್ಟನ್ನಿನಲ್ಲಿಯೂ ಬೇರೂರಿದ್ದಿತು. ಒಂದು ಮನೆಯ ಪ್ರತಿಯನ್ನು ಇನ್ನೊಂದು ಮನೆಯಲ್ಲಿ ನಕಲು ಮಾಡಿಸಿ ಇಡುವುದರ ಪ್ರಯೋಜನವು ಬೆಂಕಿ ಬಿದ್ದ ದಿನವೇ ತಿಳಿಯುವುದು.

ಈಗ ಆರೆಗನ್ ಪ್ರಾಂತದ ಪ್ರಶ್ನೆಯು ಮತ್ತೆ ಎದ್ದಿದೆ. ಅಲ್ಲಿಯೂ ಉತ್ತರ ಕ್ಯಾಲಿಫೋರ್ನಿಯಾದಲ್ಲಿಯೂ ಮತ್ತೊಮ್ಮೆ ನೀರುನಾಯಿಗಳನ್ನು ಬಿಡಬಹುದೇ ಎಂದು ಅಮೆರಿಕದ ವನ್ಯಜೀವಿ ಇಲಾಖೆಯು ಪರಿಶೀಲಿಸಿ ೨೦೨೨ರಲ್ಲಿ ವರದಿಯನ್ನು ಕೊಟ್ಟಿತು. ಬಿಡುವುದಾದರೆ ಯಾವ ಕುಲದವನ್ನು ಬಿಡಬೇಕು? ಉತ್ತರದ ಅಲಾಸ್ಕಾದ ವಂಶವನ್ನೋ, ದಕ್ಷಿಣದ ಕ್ಯಾಲಿಫೋರ್ನಿಯಾದ ವಂಶವನ್ನೋ, ಎರಡನ್ನೂ ಬೆರಸಿಯೋ? ಆರೆಗನ್ನಿನ ಹಳೆಯ ಎಲುಬುಗಳ ಸಾಕ್ಷ್ಯವು ಒಂದು ಪರೀಕ್ಷೆಯಲ್ಲಿ ದಕ್ಷಿಣದ ನಂಟನ್ನೂ ಇನ್ನೊಂದರಲ್ಲಿ ಉತ್ತರದ ನಂಟನ್ನೂ ತೋರಿಸಿದೆ. ಬೆರಸಿದರೆ ವೈವಿಧ್ಯವು ಹೆಚ್ಚುವುದು. ಆದರೆ ಆಯಾ ತೀರದ ಚಳಿಗೂ ಆಹಾರಕ್ಕೂ ತಲೆತಲಾಂತರದಿಂದ ಹೊಂದಿಕೊಂಡ ಗುಣವು ಕಲಸಿಹೋದೀತೆಂಬ ಶಂಕೆಯೂ ಉಂಟು. ಕಳೆದ ಸಲ ಒಂದೇ ದ್ವೀಪದಿಂದ ತಂದು ಬಿಟ್ಟುವು ಹತ್ತು ವರ್ಷದಲ್ಲಿ ಇಲ್ಲವಾದುವೆಂಬುದನ್ನು ಮಾತ್ರ ಅಲ್ಲಿನವರು ಮರೆತಿಲ್ಲ. ಅವಸರಪಡದೆ ಯೋಚಿಸುತ್ತಿರುವುದು ಒಳ್ಳೆಯದೇ.

ನಮ್ಮ ನಾಡಿನಲ್ಲಿಯಾದರೋ, ೨೦೧೫ರಲ್ಲಿ ತುಂಗಭದ್ರೆಯ ಒಂದು ಭಾಗವು ನೀರುನಾಯಿಗಳ ಮೀಸಲು ಪ್ರದೇಶವೆಂದು ಘೋಷಿತವಾಗಿದೆ. ಅಲ್ಲಿರುವುದು ಬೇರೆ ಜಾತಿ. ಅದನ್ನು ಯಾರೂ ವಿಮಾನದಲ್ಲಿ ಒಯ್ಯಬೇಕಾಗಿ ಬಂದಿಲ್ಲ. ಆ ಕಾಲವು ಬಾರದಿರುವಂತೆ ನೋಡಿಕೊಳ್ಳುವುದೇ ಸುಲಭವಾದ ಕೆಲಸ. ಹೊಳೆಯ ದಡದ ಮನೆಯವರು ಬೇಸಗೆಯ ಮಡುವಿನಲ್ಲಿ ವಿಷ ಹಾಕಿ ಮೀನು ಹಿಡಿಯುವವರನ್ನು ಕಂಡಾಗ ಸುಮ್ಮನಿರದೆ ತಡೆದರೆ ಸಾಕು. ಉದ್ರನ ವಂಶದ ಓಲೆಗರಿಗಳು ಹೊಳೆಯಲ್ಲಿಯೇ ಉಳಿಯುವುವು.